ಸಂಗವ್ವ ಅಳೆದ ನೆರಳು

ಭೂತನಾಳದ ಸಂಗವ್ವ ಗಿಡ ಮಾರುವ ಮೊದಲು ನೆರಳನ್ನು ಅಳೆಯುತ್ತಿದ್ದಳು. ಅಂಗೈಯಗಲದ ಹಸಿ ಅರಿವೆ ತುಂಡುಗಳನ್ನು ಕೊಳ್ಳುವವರ ಅಂಗಳದಲ್ಲಿ ಅಲ್ಲಲ್ಲಿ ಹಾಸಿ, ಎಲೆ-ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂರುವಳು. ಬೇಗ ಒಣಗಿದ ಕಡೆ ಬಣ್ಣದ ಕ್ರೋಟನ್, ತಡವಾಗಿ ಒಣಗಿದ ಕಡೆ ಅಗಲೆಲೆಯ ಕೆಸು.

"ಹೂವಿನ ಆಸೆಗೆ ಬೀಳಬ್ಯಾಡ್ರಿ. ಯುಗಾದಿಗಿಂತ ಮೊದಲ ಎಲಿ ಬಿಡೂವಂಥಾವು ಹಚ್ಚ್ರಿ, ಬ್ಯಾಸಗಿ ತಡೀತಾವ" ಎನ್ನುತ್ತಿದ್ದಳು. ನನ್ನ ಸಲಹೆಯೂ ಅದೇ: ನಿಮ್ಮ ಅಂಗಳದ ನೆರಳು ನೋಡದವರ ಹತ್ತಿರ ಗಿಡ ಕೊಳ್ಳಬೇಡಿ.

ತಳ್ಳುಗಾಡಿಯಲ್ಲಿ ದ್ರಾಕ್ಷಿ ಮಾರಿ ಮೇಲೆ ಬಂದವನು ನಾನು. ತಿಕೋಟಾದಲ್ಲಿ ಚೌಕಾಸಿ ಮಾಡಿ ಹಿಡಿದ ಜಾಗದಲ್ಲಿ ಮನೆ ಕಟ್ಟಿಸಿದ್ದೆ. ಅಂಗಳದ ಒಂದು ಬದಿಗೆ ಬೇವಿನ ನೆರಳು, ಇನ್ನೊಂದು ಬದಿ ಬಟಾಬಯಲು. ಆ ಬಯಲಿನಲ್ಲಿ ಹೆಂಡತಿ ಶಾರದಾ ಎರಡು ವರ್ಷ ಕ್ರೋಟನ್ ಹಚ್ಚಿದಳು. ಬಿಸಿಲಿಗೆ ಬಣ್ಣ ಏರಬೇಕಾದ ಎಲೆಗಳು ಬಿಳಿಚಿಕೊಂಡು, ಬೆಳಕು ಹುಡುಕುವವರಂತೆ ಕತ್ತು ಚಾಚಿ ಸತ್ತವು.

"ಏನೂ ಬದುಕದ ಮನ್ಯಾಗ ನಾ ಇರೂದಿಲ್ಲ. ಮಾರಿಬಿಡ್ರಿ" ಎಂದಳು ಶಾರದಾ.

ಸಂಗವ್ವನನ್ನು ಕರೆಸಿದೆ. ಬೇವಿನ ಕೆಳಗಿನ ಅರಿವೆ ಒಣಗಿತು. ಬಯಲಿನಲ್ಲಿ ಹಾಸಿದ್ದು ಮಧ್ಯಾಹ್ನವಾದರೂ ತೊಯ್ದೇ ಇತ್ತು.

"ಆಯಿ, ಕೈಚಳಕ ತೋರ್ಸಿ ರೇಟ್ ಏರ್ಸಾಕತ್ತಿ ಏನು?" ಎಂದು ನಕ್ಕೆ.

ಅವಳು ನಗಲಿಲ್ಲ. ಶಾರದಾ ಒಳಗೆ ಹೋದದ್ದು ನೋಡಿ ಮೆಲ್ಲಗೆ ಕೇಳಿದಳು: "ಇಲ್ಲಿ ಏನು ಕಡಸೀ ತಮ್ಮಾ?"

ಹುಣಸೆಮರ, ಎಂದೆ. ಅದನ್ನು ಕಡಿಸಿಯೇ ಅಡಿಪಾಯ ಹಾಕಿಸಿದ್ದೆ. ಶಾರದಾಗೂ ಹೇಳಿರಲಿಲ್ಲ.

"ಗಿಡ ಹೋಗೇತಿ. ನೆಳ್ಳಿಗೆ ಯಾರೂ ಹೇಳಿಲ್ಲ" ಎಂದು ಆ ಉರಿಬಿಸಿಲಿನಲ್ಲೇ ಕೆಸುವಿನ ಗಡ್ಡೆ ಊರಿದಳು.

"ಸುಟ್ಟುಹೋದ್ರ ರೊಕ್ಕ ವಾಪಸ್ ನೋಡು ಮತ್ತ."

"ಸುಟ್ರ ನಿನಗ ಛಲೋನ."

ಸುಡಲಿಲ್ಲ. ಎಲೆಗಳು ಮೊರದಗಲ ಬೆಳೆದವು. ಶಾರದಾ ಮನೆ ಮಾರುವ ಮಾತು ಬಿಟ್ಟಳು. ಆಮೇಲೆ ಪ್ರತಿ ವರ್ಷ ಶಿವರಾತ್ರಿ ಕಳೆದೊಡನೆ ಸಂಗವ್ವ ಬರುವಳು. ಪ್ರತಿ ಸಲ ಒಂದು ಮಾರು ಮುಂದೆ, ಮನೆಯ ಕಡೆಗೆ ಗಡ್ಡೆ ಊರುವಳು. ಇಲ್ಲದ ಮರ ಬೆಳೆಯುತ್ತಿತ್ತು.

ಹೋದ ವರ್ಷ ಪಡಸಾಲೆಗೇ ಬಂದು, ಕಿಟಕಿಯ ಬಿಸಿಲು ಬೀಳುವಲ್ಲಿ ಅರಿವೆ ಹಾಸಿದಳು. ಒಣಗಲಿಲ್ಲ.

"ಇಲ್ಲೇನು ಹಚ್ಚೂದು, ಆಯಿ?"

"ಒಳಗಿಂದು ನನಗ ತಿಳಿಯಂಗಿಲ್ಲಪಾ. ನಾ ಅಂಗಳದಾಕಿ. ಶಾರದವ್ವಗ ಹೇಳಿಬಿಡು." ಬುಟ್ಟಿ ತಲೆಗೇರಿಸಿ ಹೋದಳು. ಮಳೆಗಾಲದಲ್ಲಿ ತೀರಿಕೊಂಡಳೆಂದು ಕೇಳಿದೆ.

ಈ ಫಾಲ್ಗುಣದಲ್ಲಿ ಯಾರೂ ಬರಲಿಲ್ಲ. ಹೊರಗೆ ರಣಬಿಸಿಲು, ಶಾರದಾ ಪಡಸಾಲೆಯಲ್ಲಿ ಕೌದಿ ಹೊದ್ದು ಕೂತಿದ್ದಳು. ನಿನ್ನೆ, ಕೊನೆಗೂ, ಮರದ ವಿಷಯ ಹೇಳಿದೆ. ಶಾರದಾ ಕಿಟಕಿಯ ಬಿಸಿಲಿಗೆ ಕೈಯೊಡ್ಡಿ ನೋಡಿ, ಮತ್ತೆ ಕೌದಿಯೊಳಗೆ ಎಳೆದುಕೊಂಡಳು.

"ಮೊದಲ ಹೇಳಿದ್ರ ಬ್ಯಾರೆ ಜಾಗಾ ನೋಡ್ತಿದ್ವಿ. ಈಗ ಎಲ್ಲಿಗಿ ಹೋಗೂದು? ಮನಿ ಅದರದು. ಅದೇನು ನಮ್ಮನ್ನ ಹೊರಗ ಹಾಕೇತೇನ್ರಿ?"

ಕೌದಿಯ ಅರ್ಧವನ್ನು ನನ್ನ ಕಡೆ ತಳ್ಳಿದಳು.