ಅಕ್ಷರ ಕಿತ್ತ ಜಾಗ

ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ! ನಾನು ಅಜ್ಜನಾಗಿದ್ದೇನೆ. ಇದನ್ನು ನಮ್ಮೂರು ಮಾನ್ವಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದವರಿಗೆಲ್ಲ ಹೇಳಿದೆ, ಹಾಲು ಹಾಕುವವಳಿಗೆ ಎರಡು ಸಲ ಹೇಳಿದೆ, ಯಾರಿಗೋ ಮಾಡಲು ಹೋಗಿ ನನಗೆ ಫೋನು ಹಚ್ಚಿದವನೊಬ್ಬನಿಗೂ ಹೇಳಿಬಿಟ್ಟೆ. ಅವನು ಪಾಪ, "ಭಾಳ ಸಂತೋಷ ಆತ್ರೀ ಯಜಮಾನ್ರ, ಆದ್ರ ನನಗ ಟ್ರ್ಯಾಕ್ಟರಿನವರು ಬೇಕಾಗಿತ್ತು" ಎಂದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಸೆಟೆಯುತ್ತವೆ. ಆದರೂ ಕೂತು ಬರೆಯುತ್ತಿದ್ದೇನೆ. ಬರೀ ಕೂಸಿನ ಸುದ್ದಿ ಬರೆದು ಏಳಬಹುದಿತ್ತು. ಆದರೆ ಗಾಡಿಯ ವಿಷಯ ಬಿಟ್ಟರೆ ಅರ್ಧ ಸುಳ್ಳು ಬರೆದಂತಾಗುತ್ತದೆ.

ನಾನು ಮೂವತ್ತು ವರ್ಷ ಒಂದು ಅಕ್ಕಿ ಗಿರಣಿಯ ಸಾವುಕಾರರ ಬಳಿ ಡ್ರೈವರನಾಗಿದ್ದೆ. ಅವರು ಹೊಸ ಗಾಡಿ ತಂದಾಗ ಹಳೆಯ ಕೆಂಪು ಕಾರನ್ನು ನನಗೇ ಕೊಟ್ಟರು. ಅದರ ಹಿಂಬದಿಯಲ್ಲಿ ಗಿರಣಿಯ ಗುರುತು ಅಂಟಿಸಿತ್ತು, ಬಂಗಾರ ಬಣ್ಣದ ಭತ್ತದ ತೆನೆ. "ಅದನ್ನ ತಗದು ಒಯ್ಯಿ. ಬಣ್ಣಕ್ಕ ಮಾತ್ರ ಒಂದು ಗೆರಿ ಬೀಳಬಾರದು ನೋಡು" ಎಂದಿದ್ದರು ಸಾವುಕಾರರು. ಬೆಳಗ್ಗೆ ಶುರು ಮಾಡಿದ್ದು ಮಧ್ಯಾಹ್ನದವರೆಗೆ ನಡೆಯಿತು. ಬಿಸಿನೀರಲ್ಲಿ ಅರಿವೆ ಅದ್ದಿ ಗುರುತಿನ ಮೇಲೆ ಇಟ್ಟು, ಅಂಟು ಮೆತ್ತಗಾಗುವ ತನಕ ಕಾದೆ. ಮೀನು ಹಿಡಿಯುವವರ ಗಾಳದ ದಾರವನ್ನು ಅದರ ಹಿಂದೆ ತೂರಿಸಿ, ಆ ಕಡೆ ಈ ಕಡೆ ಎಳೆಯುತ್ತಾ ಬಂದೆ. ತೆನೆ ತಾನಾಗಿ ಕಳಚಿ ಕೈಗೆ ಬಂತು. ಉಳಿದ ಅಂಟಿಗೆ ಶೇಂಗಾ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದೆ. ಉಜ್ಜಿದ ಹಾಗೆ ಅದು ಶಾವಿಗೆಯಂತೆ ಸುರುಳಿಯಾಗಿ ಉದುರಿತು. ಒಂದು ಗೆರೆಯೂ ಬೀಳಲಿಲ್ಲ. ಮಗಳು ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದಳು. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಆ ಕೆಲಸ ನನಗೆ ಬರುತ್ತಿತ್ತು. ಬರುತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳುವಂತಿಲ್ಲ.

ಆಗ ಮಗ ಹತ್ತನೇ ಕ್ಲಾಸು, ಮಗಳು ಎಂಟನೇ ಕ್ಲಾಸು. ನಮ್ಮ ಕಡೆ ಗಾಡಿ ಬಂತೆಂದರೆ ಅದರ ಹಿಂದೆ ಮಕ್ಕಳ ಹೆಸರು ಇರಲೇಬೇಕು, ಆಟೋ ಇರಲಿ, ಟ್ರ್ಯಾಕ್ಟರ್ ಇರಲಿ. ರಾಯಚೂರಿಗೆ ಹೋಗಿ ಬೆಳ್ಳಿಯಂತೆ ಹೊಳೆಯುವ ಇಂಗ್ಲಿಷ್ ಅಕ್ಷರ ತಂದೆವು. ಎಡಕ್ಕೆ ಮಗನ ಹೆಸರು, ಬಲಕ್ಕೆ ಮಗಳ ಹೆಸರು. ನನಗೆ ಇಂಗ್ಲಿಷ್ ಬಾರದು. ಮಗಳು ನನ್ನ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ತಿರುವಿಸಿ, "ನೋಡು ಯಪ್ಪಾ, ಇದು ನಾನು. ಇಲ್ಲಿಂದ ಇಲ್ಲೀತನಕ ನಾನು" ಎಂದಿದ್ದಳು. ಇಂಗ್ಲಿಷಿನಲ್ಲಿ ಇವತ್ತಿಗೂ ನಾನು ಅದೊಂದನ್ನೇ ಓದಬಲ್ಲೆ.

ವರ್ಷಗಳು ಹೋದವು. ಮಗಳನ್ನು ರಾಯಚೂರಿಗೆ ಮದುವೆ ಮಾಡಿಕೊಟ್ಟೆವು. ಒಳ್ಳೆಯ ಮನೆ, ಒಳ್ಳೆಯ ಅಳಿಯ. ಮರುವರ್ಷ ಮಗನಿಗೆ ದೇವದುರ್ಗದಲ್ಲಿ ಹೆಣ್ಣು ನೋಡಲು ಹೊರಟೆವು. ಸಂಬಂಧ ತಂದ ಹಿರಿಯರೊಬ್ಬರು ಬೆಳಗ್ಗೆಯೇ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದೆ ನಿಂತರು.

"ಅಲ್ಲೋ ತಮ್ಮಾ, ಕೊಟ್ಟ ಮಗಳ ಹೆಸರು ಇನ್ನಾ ಗಾಡಿ ಮ್ಯಾಲ ಇಟ್ಕೊಂಡೀಯಲ್ಲ? ಹೆಣ್ಣಿನವರು ನೋಡಿದ್ರ ಏನಂತಾರ? ಈ ಮನ್ಯಾಗ ಮಗಳದೇ ಯಜಮಾನಿಕಿ, ನಮ್ಮ ಹುಡುಗಿ ಬಂದು ಎಲ್ಲಿ ನಿಲ್ಲಬೇಕು ಅಂತಾರ."

ಹೊರಡಲು ಅರ್ಧ ತಾಸು ಇತ್ತು. ಅರಿವೆ ಅದ್ದಿಕೊಂಡು ಕೂಡಲು ಹೊತ್ತಿರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಗಡ್ಡ ಕೆರೆಯುವ ಬ್ಲೇಡು ತಂದೆ. ಅಕ್ಷರದ ಕೆಳಗೆ ಸೇರಿಸಿ ಎಬ್ಬಿಸಿದೆ. ಚಟ್ ಚಟ್ ಎಂದು ಮುರಿದು ಬಿದ್ದವು. ಅಂಟು ಬಿಡಲಿಲ್ಲ, ಮತ್ತೆ ಬ್ಲೇಡು ಹಾಕಿ ಕೆರೆದೆ, ಪೆಟ್ರೋಲು ಸುರಿದು ತಿಕ್ಕಿದೆ. ಕೊನೆಯ ಅಕ್ಷರಕ್ಕೆ ಬಂದಾಗ ಹಿಂದೆ ಬಳೆಯ ಸದ್ದಾಯಿತು.

ಮಗಳು ನಿಂತಿದ್ದಳು. ಅಣ್ಣನಿಗೆ ಹೆಣ್ಣು ನೋಡಲು ತಾನೂ ಬರುತ್ತೇನೆಂದು ಮೊದಲ ಬಸ್ಸಿಗೆ ಬಂದಿದ್ದಳು. ರೇಷ್ಮೆ ಸೀರೆ ಉಟ್ಟು ಹೂ ಮುಡಿದಿದ್ದಳು.

"ಏನಿಲ್ಲವ್ವಾ, ಹಳೇವಾಗಿದ್ವು, ಅದಕ್ಕ..." ಎಂದೆ.

ಅವಳು ನೆಲದ ಮೇಲೆ ಬಿದ್ದ ಚೂರುಗಳನ್ನು ನೋಡಿದಳು. ಪಕ್ಕದಲ್ಲೇ ಅಣ್ಣನ ಹೆಸರು ಹೊಳೆಯುತ್ತಿತ್ತು. "ನನಗ ಯಾಕೋ ತಲಿ ನೋಯಾಕತ್ತದ. ನೀವು ಹೋಗಿ ಬರ್ರಿ" ಎಂದು ಒಳಗೆ ಹೋದಳು.

ದೇವದುರ್ಗದಲ್ಲಿ ಗಾಡಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಹೆಣ್ಣಿನ ತಂದೆ ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು, "ಮಗಳು ಬರಲಿಲ್ಲೇನ್ರಿ? ನಮ್ಮ ಹುಡುಗಿ ನಾದಿನೀನ್ನ ನೋಡಬೇಕು ಅಂತ ಕುಂತಾಳ." ಅವಳಿಗೆ ತಲೆನೋವು ಎಂದು ಹೇಳಿ ಒಳಗೆ ಹೋದೆ.

ಆ ದಿನದಿಂದ ಮಗಳು ಆ ಗಾಡಿ ಹತ್ತಲಿಲ್ಲ. ಜಗಳ ಮಾಡಲಿಲ್ಲ, ಮಾತು ಬಿಡಲಿಲ್ಲ, ಹಬ್ಬಕ್ಕೆ ಬಂದಳು, ದೇವದುರ್ಗದ ಆ ಹುಡುಗಿಯ ಜೊತೆ ಅಣ್ಣನ ಮದುವೆಯಾದಾಗ ಓಡಾಡಿದಳು. ಬರುವುದು ಬಸ್ಸಿಗೆ, ಹೋಗುವುದು ಬಸ್ಸಿಗೆ. "ಬಿಡ್ತೀನಿ ಬಾರವ್ವಾ" ಎಂದರೆ, "ಬಸ್ಸು ಐತಲ್ಲಪ್ಪಾ" ಎನ್ನುವಳು. ಅಷ್ಟೇ. ಗಾಡಿಯ ಮೇಲೆ ಉಳಿದ ಅಂಟಿಗೆ ಧೂಳು ಕೂತು ಕಪ್ಪಾಯಿತು. ಬೆಳ್ಳಿ ಅಕ್ಷರವಿದ್ದ ಜಾಗದಲ್ಲಿ ಈಗ ಮಸಿಯಲ್ಲಿ ಬರೆದಂತೆ ಅದೇ ಹೆಸರು. ದಿನಾ ಗಾಡಿ ತೊಳೆಯುವವನು ನಾನು, ಆ ಭಾಗಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ.

ಚೊಚ್ಚಲ ಹೆರಿಗೆ ತವರಿನ ಹಕ್ಕು. ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಕರೆತರಲು ಗಾಡಿ ತೆಗೆದುಕೊಂಡು ಹೋದೆವು. ಮಗಳು ಹಸಿರು ಬಳೆ ತೊಟ್ಟು, ನಮ್ಮ ಗಾಡಿಯ ಹಿಂದೆ ಒಂದು ಗಳಿಗೆ ನಿಂತು, "ನಾ ಬಸ್ಸಿಗೆ ಬರ್ತೀನಿ" ಎಂದಳು. ಅವಳ ಅತ್ತೆ ಗಾಬರಿಯಾದರು. "ಈ ಹೊಟ್ಟಿ ಹೊತ್ಕೊಂಡು ಬಸ್ಸಿನ್ಯಾಗ? ಬ್ಯಾಡವ್ವಾ, ಇಲ್ಲೇ ಇರು." ಹಾಗೆ ಹೆರಿಗೆ ರಾಯಚೂರಿನಲ್ಲೇ ಆಯಿತು. ಯಾಕೆ ಹೀಗಾಯಿತೆಂದು ಬೀಗರಿಗೆ ತಿಳಿಯಲಿಲ್ಲ. ನನಗೆ, ನನ್ನ ಹೆಂಡತಿಗೆ ತಿಳಿದಿತ್ತು. ಬರುವಾಗ ದಾರಿಯುದ್ದಕ್ಕೂ ಅವಳು ಕುಬಸದ ತಿಂಡಿ ಒಯ್ದಿದ್ದ ಖಾಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ನನ್ನ ಕಡೆ ನೋಡಲಿಲ್ಲ.

ಈಗ ಕೂಸು ಹುಟ್ಟಿ ಐದನೆಯ ದಿನ ಆಸ್ಪತ್ರೆಯಿಂದ ಬಿಡುತ್ತೇವೆಂದರು. ಬಾಣಂತನಕ್ಕೆ ಮಾನ್ವಿಗೆ ಕಳಿಸಲು ಬೀಗರು ಒಪ್ಪಿದರು. ಮಗ ಹೇಳಿದ, "ಯಪ್ಪಾ, ಬಾಡಿಗಿ ಗಾಡಿ ಮಾಡೋಣು. ಆಕಿ ಇದನ್ನ ಹತ್ತಂಗಿಲ್ಲ."

"ನಾಳಿ ಮುಂಜಾನಿತನಕ ತಡಿ" ಎಂದೆ.

ಮರುದಿನ ಬೆಳಗ್ಗೆ ಸೊಸೆ ಬಿಸಿನೀರು ಕಾಯಿಸಿ ತಂದಿಟ್ಟಳು. ಅರಿವೆ, ಎಣ್ಣೆ, ಗಾಳದ ದಾರ ಎಲ್ಲ ಇಟ್ಟುಕೊಂಡು ಕೂತೆ. ಕಪ್ಪು ಅಂಟಿನ ಮೇಲೆ ಬಿಸಿ ಅರಿವೆ ಇಟ್ಟೆ, ಕಾದೆ, ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಡಗಿ ಎಣ್ಣಿ ಎಲ್ಲಾ ಗಾಡೀಗೇ ಕುಡಸ್ರಿ. ರಾತ್ರಿ ವಗ್ಗರಣಿಗೆ ಪೆಟ್ರೋಲ್ ಹಾಕ್ತೀನಿ."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಕಪ್ಪೆಲ್ಲ ಹೋದರೆ ಹೆಸರೂ ಹೋಗುತ್ತದೆ, ಮಗಳ ಕಣ್ಣಿಗೆ ಬೀಳುವುದಿಲ್ಲ ಎಂದು ನನ್ನ ಲೆಕ್ಕ. ಆದರೆ ಅಂಟು ಹೋದಂತೆ ಅಡಿಯಲ್ಲಿ ಕೆಂಪು ಬಣ್ಣ ಎದ್ದು ಬಂತು. ಗಾಡಿಯ ಮೈಯೆಲ್ಲ ಬಿಸಿಲಿಗೆ ಮಾಸಿ ಗೋಡೆಯ ಇಟ್ಟಂಗಿಯ ಬಣ್ಣವಾಗಿದೆ. ಅಕ್ಷರದ ಕೆಳಗೆ ಅಷ್ಟು ವರ್ಷ ಬಿಸಿಲು ತಾಗದ ಜಾಗ ಮಾತ್ರ ಸಾವುಕಾರರು ಕೊಟ್ಟ ದಿನದ ಕುಂಕುಮದ ಕೆಂಪು. ಮೊದಲಿಗಿಂತ ಸ್ಪಷ್ಟವಾಗಿ ಮಗಳ ಹೆಸರು. ಅದರ ಮೇಲೆ ಅಡ್ಡಡ್ಡ ನನ್ನ ಬ್ಲೇಡಿನ ಗೆರೆಗಳು.

ಇನ್ನಷ್ಟು ಎಣ್ಣೆ ಹಾಕಿ ಉಜ್ಜಿದೆ. ಗೆರೆಗೆ ಎಣ್ಣೆ ಏನು ಮಾಡೀತು?

"ಸಾಕು ಬಿಡ್ರಿ" ಎಂದಳು ಹೆಂಡತಿ. ಅವಳ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

ಮಗ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಸ್ವಲ್ಪ ಹೊತ್ತು ನೋಡಿ, "ನಂದೂ ತಗಿಯಪ್ಪಾ" ಎಂದ. ಅವನ ಹೆಸರನ್ನು ಬಿಸಿ ಅರಿವೆ ಇಟ್ಟು, ದಾರ ಎಳೆದು ತೆಗೆದೆ. ಇಡಿಯಾಗಿ ಬಂತು. ಈಗ ಎರಡೂ ಹೆಸರು ಬರೀ ಬಣ್ಣದಲ್ಲಿ ಅಕ್ಕಪಕ್ಕ ನಿಂತವು. ಒಂದು ನುಣುಪು, ಇನ್ನೊಂದರ ತುಂಬ ಗಾಯ. ಸಮ ಮಾಡಲು ಹೋಗಿ ನಾನು ಮಾಡಿದ್ದನ್ನು ನಾನೇ ಎದ್ದು ಕಾಣುವಂತೆ ಮಾಡಿದ್ದೆ.

ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿದೆವು. ಮಗಳು ಕಿವಿಗೆ ಅರಿವೆ ಕಟ್ಟಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು ನಿಧಾನ ಬಂದಳು. ಅಳಿಯ ಬಸ್ ನಿಲ್ದಾಣಕ್ಕೆ ಆಟೋ ಕರೆಯಲೇ ಎಂಬಂತೆ ಅವಳ ಮುಖ ನೋಡಿದ. ಅವಳು ನೇರ ಗಾಡಿಯ ಹಿಂದಕ್ಕೆ ನಡೆದಳು. ನಾನು ಇಳಿದು ಅವಳ ಹಿಂದೆಯೇ ಹೋದೆ.

ಅಣ್ಣನ ಹೆಸರಿದ್ದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ತನ್ನದನ್ನು. ಬೆರಳು ಒಂದು ಗೆರೆಯಲ್ಲಿ ನಿಂತಿತು.

"ಅಣ್ಣಂದು ದಾರದಿಂದ ತಗದೀಯೇನಪ್ಪಾ?"

"ಹೂಂ."

"ನಂದು?"

ತಪ್ಪಾಯಿತೆಂದು ಹೇಳಬೇಕೆಂದು ಮಾನ್ವಿಯಿಂದ ರಾಯಚೂರಿನವರೆಗೆ ಬಾಯಲ್ಲೇ ತಿರುವಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ಗೆರಿ ಹೋಗಲಿಲ್ಲವ್ವಾ. ಭಾಳ ತಿಕ್ಕಿದೆ."

ಅವಳು ನನ್ನ ಕೈ ನೋಡಿದಳು. ಹೆಬ್ಬೆರಳಿನ ಉಗುರಿನೊಳಗೆ ಕಪ್ಪು ಅಂಟು ಹಾಗೇ ಇತ್ತು. ಆಮೇಲೆ ಕೂಸನ್ನು ನನ್ನ ಕಡೆ ಚಾಚಿದಳು.

"ಹಿಡಿ. ನಾ ಒಳಗ ಕೂಡೂತನಕ. ಆ ಬೆರಳು ಮಾತ್ರ ಹಚ್ಚಬ್ಯಾಡ."

ಹೆಬ್ಬೆರಳು ಮೇಲೆತ್ತಿಕೊಂಡು ಮೊಮ್ಮಗಳನ್ನು ಹಿಡಿದೆ. ತೂಕವೇ ಇಲ್ಲ, ಬರೀ ಬಿಸಿ. ಮಗಳು ಹಿಂದಿನ ಬಾಗಿಲು ತೆರೆದು ಗಾಡಿ ಹತ್ತಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ತವರಿನಲ್ಲಿ ಹುಟ್ಟಬೇಕಾದ ಕೂಸು ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈಗೆ ಬಂತು. ಆ ಮಧ್ಯದ ದಿನಗಳನ್ನು ಯಾವ ಎಣ್ಣೆ ಹಚ್ಚಿ ಸರಿಮಾಡಲಿ? ಮಾನ್ವಿಯ ತನಕ ಎತ್ತಿನ ಬಂಡಿಯ ವೇಗದಲ್ಲಿ ಗಾಡಿ ಹೊಡೆದೆ. "ಯಪ್ಪಾ, ಇದಕ್ಕಿಂತ ಬಸ್ಸು ಲಗೂನ ಹೋಗತಿತ್ತು" ಎಂದಳು ಮಗಳು. ಎಲ್ಲರೂ ನಕ್ಕರು. ನಾನು ಮಾತ್ರ ಇನ್ನೂ ನಿಧಾನ ಹೊಡೆದೆ.

ಸಂಜೆ ಬಾಣಂತಿಗೆ ಮೊದಲು ಬಡಿಸಿ, ಉಳಿದವರು ಆಮೇಲೆ ಉಣ್ಣುವುದು ನಮ್ಮಲ್ಲಿ ವಾಡಿಕೆ. "ಇವತ್ತ ಎಲ್ಲಾರೂ ಕೂಡೇ ಉಣ್ಣೂಣು" ಎಂದೆ. ಒಳಕೋಣೆಯ ಹೊಸ್ತಿಲಾಚೆ ಮಗಳು, ಈಚೆ ನಾವೆಲ್ಲ ಸಾಲಾಗಿ ಕೂತೆವು. ಅವಳಿಗೆ ಬಿಸಿ ಅನ್ನ, ತುಪ್ಪ, ಬಳ್ಳೊಳ್ಳಿ ಹಾಕಿದ ಮೆಣಸಿನ ಸಾರು. ನಮಗೆ ರೊಟ್ಟಿ, ಪುಂಡಿಪಲ್ಯ, ಗೋಧಿ ಹುಗ್ಗಿ. ಸೊಸೆ ಬಡಿಸಿ ತಾನೂ ಕೂತಳು. ಕೂಸು ಅಜ್ಜಿಯ ತೊಡೆಯ ಮೇಲೆ ಮಲಗಿತ್ತು. ಮಗಳು ಒಂದು ತುತ್ತು ಬಾಯಿಗಿಟ್ಟು, ಹುಬ್ಬು ಗಂಟಿಕ್ಕಿ, "ಯವ್ವಾ, ವಗ್ಗರಣ್ಯಾಗ ಏನು ಹಾಕೀದಿ?" ಎಂದು ಕೇಳಿದಳು. ಬೆಳಗಿನ ಮಾತು ಅವಳಿಗೆ ಯಾರು ಹೇಳಿದರೋ, ಸೊಸೆ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಮೂರು ಸಲ ತೊಳೆದ ಕೈಯಿಂದ ರೊಟ್ಟಿ ಮುರಿದೆ, ಎಲ್ಲರ ಜೊತೆ ಉಂಡೆ.