ಬೀಳದ ಕಂಬ

ಮೇಸ್ತ್ರಿ ಮೊದಲ ಸಲ ಬಂದ ದಿನ ಮಾತಿಗಿಂತ ಮುಂಚೆ ಗೋಡೆಯನ್ನು ತಟ್ಟಿದ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಜದಮ್ಮನ ಕಡೆ ತಿರುಗಿದ.

“ಗೋಡೆಗೆ ಹೊಟ್ಟೆ ಬಂದಿದೆ ಅಕ್ಕಾ. ಕೆಡವಿ ಕಟ್ಟಬೇಕು.”

“ನಿನಗೂ ಬಂದಿದೆ. ನಿನ್ನನ್ನ ಯಾರಾದರೂ ಕೆಡವಿದರಾ?”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಜದಮ್ಮ ಅಂದರೆ ದರ್ಜಿಗಳಿಗೆ ಕಾಜ ಹೊಲಿದು ಗುಂಡಿ ಕೂರಿಸಿಕೊಡುವ ಮುದುಕಿ. ಗಂಡ ಹೋದ ಮೇಲೆ ಸೂಜಿಯೇ ಆಕೆಗೆ ಅನ್ನ ಹಾಕಿದ್ದು. ಮೇಸ್ತ್ರಿಯ ಕೆಲಸ ನೋಡಿ ಆಕೆಗೆ ಹಿತವಾಯಿತು. ಹಳೆ ಗೋಡೆ ಕೆಡವಿ ಹೊಸದು ಕಟ್ಟುವಾಗ ಪ್ರತಿ ವರಸೆ ಇಟ್ಟಿಗೆಗೂ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಭೂಮಿಗೆ ಸುಳ್ಳು ಹೇಳೋಕಾಗಲ್ಲ ಅಕ್ಕಾ. ಓರೆ ಕಟ್ಟಿದರೆ ಎಳೆದು ಕೆಡವುತ್ತೆ.”

ಕೆಡವಿತು, ಗೋಡೆಯನ್ನಲ್ಲ, ಅವನನ್ನು. ಗೋಡೆ ಎದೆಮಟ್ಟ ದಾಟಿತ್ತು. ಕಾಲ ಕೆಳಗಿನ ಹಲಗೆ ಜಾರಿ ಮೇಸ್ತ್ರಿ ಬಲಗೈ ಮೇಲೆ ಬಿದ್ದ. ಮೂಳೆ ಕೂಡಿಕೊಂಡಿತು, ಬೆರಳು ಮಡಚಲಿಲ್ಲ. ನೀರಿನ ಲೋಟ ಹಿಡಿಯಲಾರದ ಕೈ ಕರಣೆ ಹಿಡಿದು ಗಾರೆ ಎಳೆಯುವ ಮಾತೆಲ್ಲಿ ಬಂತು?

ಕಾಜದಮ್ಮ ಅರ್ಧ ಗೋಡೆಯ ಮೇಲೆ ಟಾರ್ಪಾಲು ಕಟ್ಟಿಕೊಂಡಳು. ಗಾಳಿ ಬೀಸಿದರೆ ಒಲೆ ಆರುತ್ತಿತ್ತು. ಮಳೆ ಹಿಡಿಯುವ ಮುಂಚೆ ಮುಗಿಸದಿದ್ದರೆ ಕಟ್ಟಿದ್ದೂ ನೆನೆದು ಕುಸಿಯುತ್ತದೆ. ಬೇರೆಯವರನ್ನು ಕರೆಸೋಣವೆಂದರೆ ಮೇಸ್ತ್ರಿ, “ನನ್ನ ವರಸೆ ಮೇಲೆ ಇನ್ನೊಬ್ಬನ ಇಟ್ಟಿಗೆ ಬೇಡ,” ಎಂದು ಮುಸುಕೆಳೆದು ಮಲಗಿಬಿಡುತ್ತಿದ್ದ. ತಾನೂ ಕಟ್ಟುವ ಹಾಗಿಲ್ಲ, ಕಟ್ಟುವವರನ್ನೂ ಬಿಡುವುದಿಲ್ಲ.

ಇನ್ನು ದಾಕ್ಷಿಣ್ಯ ಸಾಕು, ನಾಳೆಯೇ ಬೇರೆಯವರನ್ನು ಕರೆಸುತ್ತೇನೆ ಎಂದು ಹೇಳಿಬಿಡಲು ಒಂದು ಸಂಜೆ ಆಕೆ ಮತ್ತೆ ಅವನ ಮನೆಗೆ ಹೋದಳು. ಸಿಟಿ ಬಸ್ಸು ಓಡಿಸುವ ಮೇಸ್ತ್ರಿಯ ಮಗಳು ಪಾಳಿ ಮುಗಿಸಿ ಬಂದು, ಟಿವಿ ಮುಂದೆ ನೆಲದ ಮೇಲೆ ಕೂತು, ಎರಡೂ ಹೆಬ್ಬೆರಳಿನಿಂದ ಏನನ್ನೋ ಒತ್ತುತ್ತಿದ್ದಳು. ಗೆಳತಿಯಿಂದ ಅದೇ ದಿನ ತಂದ ವಿಡಿಯೊ ಗೇಮ್. ಟಿವಿಯಲ್ಲಿ ಚೌಕದ ಕಲ್ಲುಗಳು ಒಂದರ ಮೇಲೊಂದು ಕೂತು ಕಂಬ ಏಳುತ್ತಿತ್ತು. ಗಾರೆಯಿಲ್ಲ, ನೀರಿಲ್ಲ, ಬೆವರಿಲ್ಲ. ಮೇಸ್ತ್ರಿ ಮುಸುಕು ಸರಿಸಿ ನೋಡುತ್ತಿದ್ದ. ಕಾಜದಮ್ಮನೂ ಬಂದ ಕೆಲಸ ಮರೆತು ನಿಂತು ನೋಡಿದಳು.

“ಈಗ ನೋಡಿ,” ಎಂದು ಮಗಳು ಕಂಬದ ಬುಡದ ಕಲ್ಲನ್ನೇ ಕಿತ್ತಳು.

“ಏಯ್! ಸರಿ ಆಚೆ!”

ಮೇಸ್ತ್ರಿ ಮಂಚದಿಂದ ಹಾರಿ ಮಗಳ ರೆಟ್ಟೆ ಹಿಡಿದು ಹಿಂದಕ್ಕೆಳೆದ. ಕಾಜದಮ್ಮ ತಲೆಗೆ ಕೈ ಅಡ್ಡ ಕೊಟ್ಟು ಕುಕ್ಕರಿಸಿದಳು.

ಏನೂ ಬೀಳಲಿಲ್ಲ. ಕಂಬ ಗಾಳಿಯಲ್ಲಿ ನಿಂತಿತ್ತು.

“ಅಪ್ಪಾ, ಆಟ ಅಪ್ಪಾ ಅದು! ಅಜ್ಜಿ, ನೀವೂನಾ?”

ಮೇಸ್ತ್ರಿ ಮಗಳ ರೆಟ್ಟೆ ಬಿಡದೆ ಕೇಳಿದ. “ಯಾವುದರ ಮೇಲೆ ನಿಂತಿದೆ ಅದು?”

“ಯಾವುದರ ಮೇಲೂ ಇಲ್ಲ.”

ಅವನು ಟಿವಿಯ ಹತ್ತಿರ ಹೋಗಿ, ಕಂಬದ ಕೆಳಗಿನ ಖಾಲಿ ಜಾಗಕ್ಕೆ ಎಡಗೈ ಒತ್ತಿ ಹಿಡಿದ, ಬಿದ್ದರೆ ತಡೆಯುವವನಂತೆ. “ಅಕ್ಕಾ, ನಿಮಗೂ ಹಾಗೇ ಕಾಣ್ತಾ ಇದೆಯಾ?”

“ಕಾಣ್ತಾ ಇದೆ ಕಣಪ್ಪಾ. ನನ್ನ ಜೀವ ಬಾಯಿಗೆ ಬಂದಿದೆ.”

ಆಮೇಲೆ ಅವನಿಗೆ ಸಿಟ್ಟು ಬಂತು. “ಅನ್ಯಾಯ ಇದು. ಇಡು, ಕೆಳಗೆ ಕಲ್ಲಿಡು. ಮೊದಲು ಪಾಯ ತೋಡು.”

“ಇಲ್ಲಿ ಪಾಯ ಬೇಕಾಗಿಲ್ಲ ಅಪ್ಪಾ.”

“ಬೇಕಾಗಿಲ್ಲ ಅಂದವರ ಮನೆಗಳನ್ನ ರಿಪೇರಿ ಮಾಡಿಯೇ ನಿನ್ನ ಸಾಕಿದ್ದು. ತೋಡು!”

ಮಗಳು ತೋಡಿದಳು. ಯಾರಿಗೂ ಕಾಣದ ಕಲ್ಲುಗಳನ್ನು ನೆಲದೊಳಗೆ ಹೂತಳು.

“ಬಲಕ್ಕೆ. ಅಲ್ಲಲ್ಲ, ಸಂದಿ ಮೇಲೆ ಸಂದಿ ಬರಬಾರದು. ತೆಗಿ ಅದನ್ನ.”

“ನಾನೇನು ನಿನ್ನ ಕೂಲಿಯವಳಾ?”

“ಕೂಲಿಯವಳು ಇಷ್ಟು ಬಾಯಿ ಮಾಡಲ್ಲ. ತೆಗಿ.”

ಕಂಬದ ಪಕ್ಕಕ್ಕೆ ಗೋಡೆ ಎದ್ದಿತು, ಗೋಡೆಗೆ ಕಿಟಕಿ ಬಿತ್ತು. ಇದ್ದಕ್ಕಿದ್ದಂತೆ ಮೇಸ್ತ್ರಿ ಮಗಳ ಹೆಬ್ಬೆರಳುಗಳನ್ನು ನೋಡಿದ, ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ತನ್ನ ಕೈಯನ್ನು ನೋಡಿದ.

“ಇದನ್ನ ಕಟ್ಟಿದ್ದು ಯಾರೇ?”

“ಇನ್ಯಾರು? ನೀನೇ. ನಾನು ಗುಂಡಿ ಒತ್ತಿದೆ ಅಷ್ಟೇ.”

ಕಾಜದಮ್ಮ ಹೇಳಬೇಕೆಂದು ಹೋದದ್ದನ್ನು ಹೇಳದೆ ವಾಪಸು ಬಂದಳು.

ಬೆಳಗ್ಗೆ ಎದ್ದು ನೋಡಿದರೆ ಮೇಸ್ತ್ರಿ ಎಡಗೈಯಿಂದ ಟಾರ್ಪಾಲಿನ ಗಂಟು ಬಿಚ್ಚುತ್ತಿದ್ದ. ಅಂತೂ ಇನ್ನೊಬ್ಬನನ್ನು ಕರೆತಂದನಲ್ಲಾ ಎಂದು ಆಕೆ ಅವನ ಬೆನ್ನ ಹಿಂದೆ ಇಣುಕಿದಳು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವನು ಕರಣೆಯ ಹಿಡಿಯನ್ನು ಆಕೆಯ ಕಡೆಗೆ ಚಾಚಿದ. ಕಾಜದಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಈ ವಯಸ್ಸಿನಲ್ಲಿ ಗಾರೆ ಕೆಲಸವೇ?

ಅವನು ಆಕೆಯನ್ನು ಏನನ್ನಾದರೂ ಕೇಳಿದ್ದು ಅದೇ ಕೊನೆಯ ಸಲ. ಆಮೇಲೆ ಗೋಡೆ ಸೂರು ಮುಟ್ಟುವ ತನಕ ಬರೀ ಅಪ್ಪಣೆ, ಬೈಗುಳ. ಆದರೆ ಅವತ್ತು, ಕಣ್ಣು ಕೆಳಗೆ ಹಾಕಿ, ಕೇಳಿಯೇ ಕೇಳಿದ:

“ನಾನು ಹೇಳ್ತೀನಿ. ನೀವು ಕಟ್ತೀರಾ ಅಕ್ಕಾ?”