ಮಿರ್ಚಿಗೆ ಉಪ್ಪಿಲ್ಲ ಎಂದ ಅಜ್ಜಿ

"ಇವನೇ ನೋಡ್ರಿ, ಹೆತ್ತ ತಾಯಿನ್ನ ಬೀದಿಗೆ ಹಾಕಿದಾವ!"

ಬಳ್ಳಾರಿಯ ಕೌಲ್ ಬಜಾರಿನ ಚಹಾ ಅಂಗಡಿ ಮುಂದೆ ಒಬ್ಬ ಹೆಂಗಸು ನನ್ನ ಅಂಗಿ ಹಿಡಿದು ಹೀಗೆ ಕೂಗಿದಾಗ ನಾನು ಗಾಡಿಗೆ ಜೀನ್ಸ್ ಬಂಡಲ್ ಏರಿಸುತ್ತಿದ್ದೆ. ಬೇರೆ ಯಾರೋ ಅಂದುಕೊಂಡಿದ್ದಾಳೆ ಎಂದು ನಕ್ಕೆ. ಅವಳು ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ನಾನೇ ಇದ್ದೆ. ನನ್ನ ತಲೆಯ ಸುತ್ತ ಕೆಂಪು ಗೆರೆ ಎಳೆದು, ಬಾಣದ ಗುರುತು ಬೇರೆ ಹಾಕಿದ್ದರು.

ಇದು ಹೋದ ವರ್ಷದ ಮಾತು. ನಮ್ಮೂರು ಸಿರುಗುಪ್ಪ. ನಾನು ಗೂಡ್ಸ್ ಆಟೋ ಓಡಿಸುತ್ತೇನೆ. ಬಳ್ಳಾರಿಯಲ್ಲಿ ಹೊಲಿದ ಪ್ಯಾಂಟುಗಳನ್ನು ಗುಂಡಿ ಹಾಕಲು, ದಾರ ಕತ್ತರಿಸಲು ಹೆಂಗಸರ ಮನೆಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಸಂಜೆಗೆ ಮನೆಗೆ ಬರುತ್ತೇನೆ. ಅವ್ವ ಬಸ್ ಸ್ಟ್ಯಾಂಡ್ ಹತ್ತಿರ ಬಂಡಿಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ಮಾಡಿ ಮಾರುತ್ತಾಳೆ. ಬಿಟ್ಟುಬಿಡು ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಮನ್ಯಾಗ ಕುಂತು ಗ್ವಾಡಿ ನೋಡ್ಲೇನು?" ಅನ್ನುತ್ತಾಳೆ. ತನ್ನ ಮಿರ್ಚಿ ಬಗ್ಗೆ ಅವಳಿಗೆ ಬಹಳ ಗರ್ವ. ಒಂದು ಜಗಳ ಆಗದೆ ಅವಳ ಎಣ್ಣೆ ಕಾಯುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು.

ಆ ಹೆಂಗಸು ನನ್ನ ಅಂಗಿ ಹಿಡಿಯುವ ಕೆಲವು ದಿನ ಮೊದಲು ಬಳ್ಳಾರಿಯಿಂದ ಒಬ್ಬ ಹುಡುಗ ವಿಡಿಯೋ ಮಾಡಲು ಬಂದಿದ್ದ. ಅವ್ವ ಖುಷಿಯಾಗಿ ಮಾತಾಡಿದಳು. ಮೆಣಸಿನಕಾಯಿ ಸೀಳುವಾಗ ಘಾಟಿಗೆ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ನಾನು ಆಗಲೇ ಬಂದು ಗ್ಯಾಸ್ ಸಿಲಿಂಡರ್ ಇಳಿಸಿದೆ. ಬಾಡಿಗೆಗೆ ತಡವಾಗಿತ್ತು, ಮಾತಾಡದೆ ಹೊರಟೆ. ನಡೆದದ್ದು ಇಷ್ಟೇ.

ವಿಡಿಯೋದಲ್ಲಿ ಆ ಕಣ್ಣೀರಿಗೆ ಪಿಟೀಲು ಸೇರಿಸಿದ್ದರು. ನಾನು ಸಿಲಿಂಡರ್ ಇಳಿಸಿದ್ದು ಇರಲಿಲ್ಲ, ಹೊರಟಿದ್ದು ಮಾತ್ರ ಇತ್ತು. "ತಾಯಿಯನ್ನು ತಿರುಗಿಯೂ ನೋಡದ ಮಗ" ಎಂದು ಹಿಂದೆ ಒಂದು ದಪ್ಪ ದನಿ.

ಆ ಹುಡುಗನನ್ನು ಹುಡುಕಿ ಹಿಡಿದೆ.

"ಅಣ್ಣಾ, ಇಂಥಾ ಮಕ್ಕಳು ಇಲ್ಲೇನು? ಜನಕ್ಕ ಬುದ್ಧಿ ಬರ್ಲಿ ಅಂತ ಮಾಡೀನಿ" ಅಂದ.

"ಅದಾರ. ನಾನೂ ನೋಡೀನಿ. ಅವ್ರ ಮನಿ ಮುಂದ ಹೋಗಿ ಹಿಡಿಯಲೇ ಕ್ಯಾಮೆರಾ."

"ಅವ್ರು ಹೊಡೀತಾರಣ್ಣ."

"ನಾ ಹೊಡಿಯಲ್ಲ ಅಂತ ಯಾರ್ ಹೇಳಿದ್ರಲೇ ನಿನಗ?"

ಅವನು ಅಲ್ಲೇ ಅಳಿಸಿಹಾಕಿದ. ಏನು ಪ್ರಯೋಜನ? ಅಷ್ಟರಲ್ಲಿ ಅದು ಎಲ್ಲರ ಮೊಬೈಲಿಗೆ ಹೋಗಿತ್ತು.

ಜನ ನನ್ನನ್ನು ಬೈದರೆ ನನಗೇನೂ ಆಗುವುದಿಲ್ಲ, ನಾನೂ ಬೈಯುತ್ತೇನೆ. ಆದರೆ ಅವ್ವನ ಬಂಡಿಗೆ ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಎಲ್ಲರ ಬಾಯಲ್ಲೂ "ಪಾಪ". ಒಬ್ಬಳು ಹಳೇ ಸೀರೆ ಕೊಟ್ಟು ಹೋದಳು. ಒಬ್ಬ ಅವ್ವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ನನ್ನ ಮಗ ಹಂಗಲ್ಲ ಅಂತ ಅವ್ವ ಹೇಳಿದರೆ, "ನೋಡ್ರಿ, ತಾಯಿ ಕರುಳು ಬಿಟ್ಟುಕೊಡಲ್ಲ" ಅನ್ನುತ್ತಿದ್ದರು. ಬರಬರುತ್ತಾ ಅವ್ವ ಹೇಳುವುದನ್ನೇ ಬಿಟ್ಟಳು. ಯಾರ ಜೊತೆಗೂ ಜಗಳ ಇಲ್ಲ, ನಗು ಇಲ್ಲ.

ಒಂದು ಸಂಜೆ ಪಾತ್ರೆ ತೊಳೆಯುತ್ತಾ ಅಂದಳು: "ನಿನ್ನೆ ಹಿಟ್ಟಿಗೆ ಸೋಡಾ ಹಾಕೋದು ಮರತೀನಿ. ಮಿರ್ಚಿ ಕಲ್ಲಾಗಿದ್ವು. ಒಬ್ರಾದ್ರೂ ಬೈಯಬೇಕಲ್ಲ? ಪಾಪ ಅಂತ ತಿಂದು ಹೋದ್ರು. ನನ್ನ ಕೈ ರುಚಿ ಯಾರಿಗೂ ಬೇಕಾಗಿಲ್ಲ. ಬಂಡಿ ಮಾರಿಬಿಡು."

ನಾನೇ ಬಿಡು ಬಿಡು ಅಂತಿದ್ದವನು. ಆದರೆ ಅವಳೇ ಹಾಗೆ ಅಂದಾಗ ಬೇಡ ಅನ್ನಿಸಿತು; ಆದರೂ ನಾಲ್ಕು ಜನರಿಗೆ ಹೇಳಿಟ್ಟೆ. ತೆಕ್ಕಲಕೋಟೆಯ ಒಬ್ಬ ಬಂಡಿ ನೋಡಲು ಬರುತ್ತೇನೆ ಎಂದ.

ಅವನು ಬರಬೇಕಾದ ದಿನ ನಾನು ಬಾಡಿಗೆ ಬಿಟ್ಟು ಬಂಡಿ ಹತ್ತಿರ ನಿಂತಿದ್ದೆ. ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಬಂದು ಮಿರ್ಚಿ ತಗೊಂಡಳು. ಪಕ್ಕದವರು "ಪಾಪ" ಶುರು ಮಾಡಿದ್ದರು. ಅಜ್ಜಿ ಅವ್ವನ ಮುಖ ನೋಡಿದಳು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು, ಮುಖ ಕಿವುಚಿದಳು.

"ಏನಬೇ ಇದು? ಉಪ್ಪೇ ಇಲ್ಲ!"

ಅವ್ವ ಕೈಯಲ್ಲಿದ್ದ ಜಾಲರಿ ಸೌಟು ಕೆಳಗಿಟ್ಟಳು.

"ನನ್ನ ಮಿರ್ಚಿಗೆ ಉಪ್ಪಿಲ್ಲಂತಿ?"

"ಇದ್ರ ಹತ್ತಬೇಕಲ್ಲ ನಾಲಿಗಿಗೆ. ನಮ್ಮ ಕುರುಗೋಡಾಗ ತಿಂದ್ ನೋಡು, ಮಿರ್ಚಿ ಅಂದ್ರ ಏನಂತ ತಿಳಿತೈತಿ."

"ಹೋಗ! ಕುರುಗೋಡಾಗ ಮಾಡೋದು ಮಿರ್ಚೇನು? ಹಿಟ್ಟಿನ ಮುದ್ದಿ ಎಣ್ಣ್ಯಾಗ ಬಿಡ್ತಾರ! ಹಲ್ಲಿಲ್ಲದ ಬಾಯಿಗೆ ಉಪ್ಪೇನ್ ತಿಳಿತೈತಿ?"

"ಉಪ್ಪು ನೋಡೋದು ಹಲ್ಲಲ್ಲಬೇ, ನಾಲಿಗಿ!"

ನಿಂತವರು ನಕ್ಕುಬಿಟ್ಟರು. ಅವ್ವ ಸೆರಗು ಸಿಕ್ಕಿಸಿ ಹೊಸ ಹಿಟ್ಟು ಕಲಸಿದಳು. ನನ್ನ ಕಡೆ ತಿರುಗಿ, "ಏನ್ ನಿಂತೀಲೇ ಕಂಬದಂಗ? ಉಳ್ಳಾಗಡ್ಡಿ ಹೆಚ್ಚು ಜಲ್ದಿ, ದಂಡಪಿಂಡ!" ಅಂದಳು. ಎಷ್ಟು ದಿನದ ಮೇಲೆ ಬೈದಳೋ. ನಾನು ಹೆಚ್ಚಿದೆ. ಅವ್ವ ಬಿಸಿ ಮಿರ್ಚಿ ಅಜ್ಜಿಯ ಕೈಗೆ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಜ್ಜಿ ನಿಧಾನವಾಗಿ ತಿಂದು, "ಹ್ಞಾಂ, ಇದು ಪರವಾಗಿಲ್ಲ" ಅಂದಳು.

"ಪರವಾಗಿಲ್ಲಂತ! ಈ ಮುದುಕಿ ಗಂಟು ಬಸ್ಸಿಗೆ ಏರ್ಸಿ ಬಾರಲೇ" ಎಂದು ಅವ್ವ ನನ್ನನ್ನು ಕಳಿಸಿದಳು. ಅವಳ ಮುಖ ಅರಳಿತ್ತು.

ಗಂಟು ಹೊತ್ತು ಹೋಗುತ್ತಾ ಕೇಳಿಯೇಬಿಟ್ಟೆ. "ಅಜ್ಜಿ, ಮೊದಲಿನ ಮಿರ್ಚಿ ನಾನೂ ತಿಂದೀನಿ. ಉಪ್ಪು ಬರೋಬ್ಬರಿ ಇತ್ತು."

"ಇತ್ತಪಾ, ನನಗ ಗೊತ್ತಿಲ್ಲೇನು?" ಅಂದಳು. "ಎಲ್ಲಾರೂ ಪಾಪ ಪಾಪ ಅಂತ ಆಕಿನ್ನ ಜೀವಂತ ಹೂಳಾಕ ಹತ್ತಿದ್ರು. ಜಗಳಾ ಆಡಾಕ ಒಬ್ರಾದ್ರೂ ಬೇಕಲ್ಲ."

"ವಿಡಿಯೋ ನೋಡೀಯೇನು?"

"ನಮ್ಮ ಸೊಸಿ ದಿನಾ ಹಚ್ಚಿಕೊಂಡು ಅಳ್ತಾಳ. ನನಗ ಒಂದ್ ತಂಬಿಗಿ ನೀರು ಕೊಡಾಕ ಏಳಲ್ಲ."

"ಮತ್ತ ನಾನು ಅಂಥಾ ಮಗ ಅಂತ ನಂಬಲಿಲ್ಲೇನು?"

"ನಂಬಿದ್ದೆ. ಆದ್ರ ಈಗ ನಿಮ್ಮವ್ವ ನಿನ್ನ ಬೈಯೋದು ಕೇಳಿದೆ. ಬಿಟ್ಟು ಹೋದ ಮಗನ್ನ ಯಾರೂ ಹಂಗ ಬೈಯಲ್ಲ."

ಬಸ್ಸು ಹೊರಟಿತು. ಅವಳ ಹೆಸರು ಕೇಳಲಿಲ್ಲ.

ತೆಕ್ಕಲಕೋಟೆಯವನಿಗೆ ಬರಬೇಡ ಎಂದು ಫೋನ್ ಮಾಡಿದೆ. ಅವ್ವ ಈಗಲೂ ಬಂಡಿ ಹಚ್ಚುತ್ತಾಳೆ. "ಉಪ್ಪು ನೋಡ್ರಿ, ಸರಿ ಐತೇನು?" ಎಂದು ಬಂದವರನ್ನೆಲ್ಲ ಗದರಿಸುತ್ತಾಳೆ. ಕುರುಗೋಡಿನ ಮನೆಯಲ್ಲಿ ಆ ಅಜ್ಜಿಗೆ ಯಾರಾದರೂ ನೀರು ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಯಾರೂ ವಿಡಿಯೋ ಮಾಡಿಲ್ಲ.

ಉಪ್ಪು ಸರಿಯಾಗಿಯೇ ಇತ್ತು ಎಂದು ಅವ್ವನಿಗೆ ನಾನು ಹೇಳಿಲ್ಲ. ಸಿರುಗುಪ್ಪಕ್ಕೆ ಬಂದರೆ ನೀವೂ ಹೇಳಬೇಡಿ. ಇಷ್ಟೇ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.